ಎರಡು ಜಿನ್‌ಫಾಂಡೆಲ್, ಒಂದು ನಾಟಿ ಕೋಳಿ ಸಾರು

ಕ್ಯಾಲಿಫೋರ್ನಿಯಾದಿಂದ ಭಾವ ತಂದುಕೊಟ್ಟ, ಜಿನ್‌ಫಾಂಡೆಲ್ ಎಂಬ ಕೆಂಪು ವೈನ್ ದ್ರಾಕ್ಷಿಯ ಬಾಟಲಿಗಳು ಮೂರು. ಈಗ ಲೆಕ್ಕಕ್ಕೆ ಸಿಗುವುದು ಎರಡೇ. ಒಂದನ್ನು ನಾನೇ ಅಟ್ಟದ ಮೇಲೆ ಇಟ್ಟು ಕೆಡಿಸಿದೆ. ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲು ಗೊತ್ತಲ್ವಾ? ಕಾರ್ಕ್ ಮೇಲಕ್ಕೆ ಬಂದು, ವೈನ್ ಬೇಯಿಸಿದ ಜಾಮ್‌ನಂತೆ ಆಗಿತ್ತು. ಉಳಿದವು ನೆಲಮನೆಯಲ್ಲಿ, ರಾಗಿ ಮೂಟೆ ಪಕ್ಕ ಮಲಗಿದ್ದವು.

ಎರಡೂ 2016ರ ಕೊಯ್ಲಿನವು. ಮೊದಲನೆಯದು ಕ್ಯಾಲಿಫೋರ್ನಿಯಾದ ಲೋಡೈ ಕಡೆಯದು. ಅಲ್ಲಿಯದು ಮರಳು ಮಣ್ಣು, ಬೇರು ತಿನ್ನುವ ಫಿಲಾಕ್ಸೆರಾ ಹುಳಕ್ಕೆ ಆಗಿಬರುವುದಿಲ್ಲ. ಹಾಗಾಗಿ ಎಷ್ಟೋ ಹಳೆಯ ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೇ ನಿಂತಿವೆ. ರುಚಿ ಮಾತ್ರ ಒಣದ್ರಾಕ್ಷಿಯ ಹಾಗೆ, ಹಣ್ಣಿನ ತಾಜಾತನ ಹೋಗಿದೆ. ಮೂರು ವರ್ಷದ ಹಿಂದೆಯೇ ಕುಡಿಯಬೇಕಿತ್ತು.

ಇನ್ನೊಂದು ಅಲ್ಲಿನದೇ ಡ್ರೈ ಕ್ರೀಕ್ ಕಣಿವೆಯದು, ರಿಡ್ಜ್ ಎಂಬ ವೈನರಿಯ ಲಿಟನ್ ಸ್ಪ್ರಿಂಗ್ಸ್. ಇದರಲ್ಲಿ ಪೆಟೀಟ್ ಸಿರಾ ಎಂಬ ಇನ್ನೊಂದು ದ್ರಾಕ್ಷಿ ಕೂಡ ಬೆರೆತಿದೆ, ಒಗರು ಅದರಿಂದಲೇ ಇರಬೇಕು. ಅರ್ಧ ಗಂಟೆ ಗಾಳಿಗೆ ಬಿಟ್ಟೆ. ಮೆಣಸು, ನೇರಳೆ ಹಣ್ಣು, ಕೊನೆಗೆ ಸ್ವಲ್ಪ ಹುಳಿ. ಇನ್ನೂ ಐದು ವರ್ಷ ತಡೆಯುತ್ತಿತ್ತೇನೋ!

ಜಿನ್‌ಫಾಂಡೆಲ್ ಗೊಂಚಲು ಒಟ್ಟಿಗೆ ಮಾಗುವುದಿಲ್ಲ. ಹಸಿರು ಕಾಯಿ ಮಾಗುವಷ್ಟರಲ್ಲಿ ಕೆಲವು ಹಣ್ಣು ಬತ್ತಿ ಸಕ್ಕರೆ ಜಾಸ್ತಿಯಾಗುತ್ತದೆ, ಆಲ್ಕೋಹಾಲ್ ಏರುತ್ತದೆ. ಖಾರದ ಕೋಳಿ ಸಾರಿನ ಜೊತೆ ನಾಲಿಗೆ ಉರಿದುಹೋಯಿತು. ಹುರಿದ ಮಾಂಸವೇ ಸರಿ.

ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ದೊಡ್ಡಪ್ಪ ಒಂದು ಗುಟುಕು ಕುಡಿದು, "ಇದಕ್ಕೆ ಇಷ್ಟು ವರ್ಷ ಕಾಯ್ಬೇಕಿತ್ತೇನೋ?" ಅಂದರು. ಆಮೇಲೆ ಲೋಟ ಮುಂದೆ ಚಾಚಿದರು.