ಕೇಳದವರಿಗೆ ಹುಳುಕು ಹೇಳಲು ಫ್ಲಿಕರ್ ಎಷ್ಟು ಒಳ್ಳೆಯದು?

ಒಬ್ಬರು ಮಿಂಚುಳ್ಳಿಯ ಫೋಟೋ ಹಾಕಿದ್ದಾರೆ. ತಂತಿಯ ಮೇಲೆ ಕೂತ ಹಕ್ಕಿ, ಕಣ್ಣಲ್ಲಿ ಹೊಳಪು, ಕೆಳಗೆ ಗದ್ದೆಯ ಹಸಿರು. ಮೇಲೆ ಎಡಗಡೆ, ಬಿಳಿಚಿಕೊಂಡ ಆಕಾಶದಲ್ಲಿ ಮಾತ್ರ ಒಂದು ಬೂದು ಚುಕ್ಕಿ. ಫೋಟೋ ಹೇಗಿದೆ ಎಂದು ಅವರು ಯಾರನ್ನೂ ಕೇಳಿಲ್ಲ. ಕೆಳಗೆ ಇಪ್ಪತ್ತು ಜನ ‘ಸೂಪರ್ ಸರ್’ ಎಂದಿದ್ದಾರೆ. ಇಪ್ಪತ್ತೊಂದನೆಯವರು ಚುಕ್ಕಿಯ ಮಾತೆತ್ತಿದರೆ ಮೊಸರಲ್ಲಿ ಕಲ್ಲು ಹುಡುಕಿದ ಹಾಗಾಗುತ್ತದೆ. ಹೇಳದೆ ಬಿಟ್ಟರೆ ಅದೇ ಚುಕ್ಕಿ ಮುಂದಿನ ಇನ್ನೂರು ಫೋಟೋಗಳಲ್ಲೂ ಕೂತಿರುತ್ತದೆ.

ಇಂಥ ಮಾತನ್ನು ಯಾರಿಗೂ ಮುಜುಗರವಾಗದಂತೆ ಹೇಳಲು ಯಾವ ಜಾಗ ಹೆಚ್ಚು ಅನುಕೂಲ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು, ಫೋಟೋ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್ ಅನ್ನು ಇಲ್ಲಿ ನೋಡಿದೆ. ಹೋಲಿಕೆಗೆ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಇವೆ. ಫ್ಲಿಕರ್ ಹಳೆಯ ಅಂಗಡಿ. 2004ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಶುರುವಾಯಿತು, ಮರುವರ್ಷ ಯಾಹೂ ಕೊಂಡಿತು, 2018ರಿಂದ ಸ್ಮಗ್‌ಮಗ್ ಕಂಪನಿಯದು. ಮೊದಲಿನ ಜನಜಂಗುಳಿ ಈಗಿಲ್ಲ. ಈ ಕೆಲಸಕ್ಕೆ ಅದೇ ಒಳ್ಳೆಯದು.

ಇದರ ದೊಡ್ಡ ಬಲ ‘ನೋಟ್’. ಫೋಟೋದ ಮೇಲೆಯೇ ಸಣ್ಣ ಚೌಕ ಎಳೆದು ಅದರೊಳಗೆ ಮಾತು ಬರೆಯುವ ಸೌಲಭ್ಯ ಇದು. ಮೌಸ್ ತಂದಾಗ ಚೌಕ ಕಾಣುತ್ತದೆ, ತೆಗೆದರೆ ಮಾಯ. ಕಂಪ್ಯೂಟರಿನಲ್ಲಿ ಬಳಸುವುದೇ ಸಲೀಸು. ಮರುವಿನ್ಯಾಸದ ಭರದಲ್ಲಿ ಕಂಪನಿ ಇದನ್ನು ನಡುವೆ ಕೆಲವು ವರ್ಷ ಕಿತ್ತುಹಾಕಿ, ಬಳಕೆದಾರರ ಗೊಣಗಾಟದ ನಂತರ ಮತ್ತೆ ತಂದಿತು. ‘ಮೇಲೆ ಎಲ್ಲೋ ಏನೋ ಕಲೆ ಇದೆ’ ಎಂದು ಬರೆದರೆ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ಫೋಟೋದವರು ಹುಡುಕಿ ಹುಡುಕಿ ಸೋತು, ಇವನಿಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ. ಚೌಕ ಎಳೆದು ತೋರಿಸಿದರೆ ಜಗಳಕ್ಕೆ ಆಸ್ಪದವೇ ಇಲ್ಲ.

ಆ ಚುಕ್ಕಿಯ ವಿಷಯವನ್ನೇ ಪೂರ್ತಿ ನೋಡೋಣ. ಮೊದಲು ಫೋಟೋವನ್ನು ಪರದೆಯ ಮೇಲೆ ಸ್ವಲ್ಪ ಸರಿಸಿ. ಚುಕ್ಕಿ ಇದ್ದಲ್ಲೇ ಇದ್ದರೆ ಅದು ನಿಮ್ಮ ಮಾನಿಟರಿನ ಮೇಲಿನ ಕೊಳೆ. ಒರೆಸಿ ಸುಮ್ಮನಾಗಿ. (ನಗಬೇಡಿ, ಹೀಗೆ ಆಗುತ್ತದೆ.) ಫೋಟೋದ ಜೊತೆಗೇ ಸರಿದರೆ ಕೆಳಗಿನ ಎಕ್ಸಿಫ್ ವಿವರ, ಅಂದರೆ ಫೋಟೋ ಹೇಗೆ ತೆಗೆದದ್ದೆಂದು ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಮಾಹಿತಿ, ನೋಡಿ. ಕ್ಯಾಮೆರಾ, ಲೆನ್ಸ್, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಎಲ್ಲವನ್ನೂ ಫ್ಲಿಕರ್ ಅಲ್ಲೇ ತೋರಿಸುತ್ತದೆ, ಮಾಲೀಕರು ಮುಚ್ಚಿಟ್ಟಿಲ್ಲದಿದ್ದರೆ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಅದು ಎಫ್ 11, ಎಫ್ 16ರ ಆಸುಪಾಸಿನಲ್ಲಿದ್ದು, ಅದೇ ಕ್ಯಾಮೆರಾದ ಇನ್ನೆರಡು ಫೋಟೋಗಳಲ್ಲೂ ಅದೇ ಜಾಗದಲ್ಲಿ ಚುಕ್ಕಿ ಕಂಡರೆ ಅದು ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲಿನ ಧೂಳು. ಎಫ್ 4ರಲ್ಲಿ ಅದೇ ಧೂಳು ಕರಗಿ ಕಾಣದಂತಾಗುತ್ತದೆ. ಅದಕ್ಕೇ ಅವರಿಗೆ ಇಷ್ಟು ದಿನ ಗೊತ್ತಾಗಿಲ್ಲ. ಈಗ ನೋಟ್ ಬರೆಯಬಹುದು: ‘ಸರ್, ಇಲ್ಲಿ ಸೆನ್ಸರ್ ಧೂಳು ಇರಬಹುದು. ಎಫ್ 16 ಇಟ್ಟು ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದರೆ ಸ್ಪಷ್ಟವಾಗಿ ಕಾಣುತ್ತೆ.’ ಇನ್ನೂ ಒಂದು ಸಾಲು ಸೇರಿಸಿದರೆ ಉಪಕಾರ. ಲೆನ್ಸ್ ಕಳಚಿ ಕ್ಯಾಮೆರಾವನ್ನು ಎದುರಿನಿಂದ ನೋಡುವಾಗ ಸೆನ್ಸರ್ ಮೇಲಿನ ಬಿಂಬ ತಲೆಕೆಳಗು. ಫೋಟೋದಲ್ಲಿ ಮೇಲೆ ಎಡಗಡೆ ಕಂಡ ಧೂಳು ಅಲ್ಲಿ ಕೆಳಗೆ ಎಡಗಡೆ ಇರುತ್ತದೆ. ಬಾಯಿಂದ ಊದಬೇಡಿ, ಗಾಳಿಬುರುಡೆ ಬಳಸಿ ಎಂದೂ ಹೇಳಿ. ಅಷ್ಟಕ್ಕೆ ಮುಗಿಯಿತು. ಕಾಂಪೊಸಿಷನ್, ಅಂದರೆ ಚೌಕಟ್ಟಿನೊಳಗೆ ಏನು ಎಲ್ಲಿರಬೇಕು ಎಂಬುದರ ಬಗ್ಗೆ ಪಾಠ ಬೇಡ.

ಎಕ್ಸಿಫ್‌ನ ನಿಜವಾದ ಉಪಯೋಗ ಟೀಕೆ ಮಾಡುವವರ ಬಾಯಿಗೆ ಲಗಾಮು ಹಾಕುವುದು. ‘ಶಾರ್ಪ್ ಇಲ್ಲ’ ಎಂಬುದು ಎಲ್ಲರ ನಾಲಿಗೆ ತುದಿಯಲ್ಲಿರುವ ಮಾತು. ಅದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಫೋಟೋದಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ರೆಂಬೆ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಹಕ್ಕಿ ಅಲುಗಿದೆ. ಕಣ್ಣು ಮಸುಕಾಗಿ ಅದರ ಹಿಂದಿನದೋ ಮುಂದಿನದೋ ಹುಲ್ಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ. 400 ಮಿ.ಮೀ. ಲೆನ್ಸು, 1.5 ಕ್ರಾಪ್ ಸೆನ್ಸರು (ದೃಶ್ಯವನ್ನು ಒಂದೂವರೆ ಪಟ್ಟು ಹತ್ತಿರ ತೋರಿಸುವ ಸಣ್ಣ ಸೆನ್ಸರು) ಇದ್ದರೆ ಎರಡನ್ನೂ ಗುಣಿಸಿ, ಬರಿಗೈಯಲ್ಲಿ ಕನಿಷ್ಠ 1/600 ಸೆಕೆಂಡು ಬೇಕೆಂಬುದು ಹಳೆಯ ಲೆಕ್ಕ. ಎಕ್ಸಿಫ್‌ನಲ್ಲಿ 1/160 ಕಂಡರೆ ಮೊದಲನೆಯ ಕಾಯಿಲೆ ಎಂದು ಧೈರ್ಯವಾಗಿ ಹೇಳಬಹುದು. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದ್ದರೆ ಆ ಧೈರ್ಯವನ್ನೂ ಸ್ವಲ್ಪ ತಗ್ಗಿಸಿಕೊಳ್ಳಿ. ಅದು ಕೈ ನಡುಕವನ್ನು ತಡೆಯುತ್ತದೆ, ಹಾರುವ ಹಕ್ಕಿಯನ್ನಲ್ಲ. ಹಾರುವುದಕ್ಕೆ 1/2000 ಆದರೂ ಬೇಕು.

ಕಂಬಳದ ಫೋಟೋ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗು. ಕೋಣಗಳ ತಲೆ ಸ್ಪಷ್ಟ, ಕಾಲು, ನೀರು, ಹಿಂದಿನ ಜನ ಎಲ್ಲ ಗೆರೆ ಗೆರೆ. ಶಟರ್ 1/40 ಎಂದಿದ್ದರೆ ಅದು ತಪ್ಪಲ್ಲ, ಪ್ಯಾನಿಂಗ್. ಓಟದ ಜೊತೆ ಕ್ಯಾಮೆರಾ ತಿರುಗಿಸಿ, ಬೇಕೆಂದೇ ನಿಧಾನ ಇಟ್ಟು ತೆಗೆದದ್ದು. ಅದಕ್ಕೆ ‘ಶಟರ್ ಜಾಸ್ತಿ ಇಡಬೇಕಿತ್ತು’ ಎಂದು ಬರೆದವರಿಗೆ ಎಕ್ಸಿಫ್ ಓದಲು ಬರುತ್ತದೆ, ಫೋಟೋ ಓದಲು ಬರುವುದಿಲ್ಲ.

ಇದಕ್ಕೆ ಫ್ಲಿಕರ್‌ನದೇ ಒಂದು ಹಳೆಯ ಉದಾಹರಣೆ ಇದೆ. ‘ಡಿಲೀಟ್‌ಮಿ’ ಎಂಬ ಗ್ರೂಪಿನಲ್ಲಿ ಸದಸ್ಯರು ಫೋಟೋ ಉಳಿಯಬೇಕೋ ಅಳಿಯಬೇಕೋ ಎಂದು ಮತ ಹಾಕುತ್ತಿದ್ದರು. 2006ರಲ್ಲಿ ಒಬ್ಬರು ಅಲ್ಲಿಗೆ ಒಂದು ಕಪ್ಪು ಬಿಳುಪು ಫೋಟೋ ಹಾಕಿದರು. ಸುರುಳಿ ಮೆಟ್ಟಿಲು, ಕೆಳಗಿನ ಬೀದಿಯಲ್ಲಿ ಮಸುಕಾಗಿ ಸಾಗುವ ಸೈಕಲ್ ಸವಾರ. ಮಸುಕು, ಗ್ರೇನ್ ಜಾಸ್ತಿ ಎಂದು ಜನ ಅಳಿಸಲು ಮತ ಹಾಕಿದರು. ಅದು ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸಾನ್ 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ತೆಗೆದ ಜಗತ್ಪ್ರಸಿದ್ಧ ಚಿತ್ರ. ಆ ಗ್ರೂಪಿಗೆ ಬಂದವರು ಟೀಕೆಯನ್ನು ಕೇಳಿಯೇ ಬಂದವರು, ಆದ್ದರಿಂದ ಶಿಷ್ಟಾಚಾರದ ತಪ್ಪೇನೂ ಆಗಲಿಲ್ಲ. ಆದದ್ದು ಅವಸರದ ತಪ್ಪು. ಮಸುಕನ್ನು ಕಂಡವರು ಅದು ಯಾಕಿದೆ ಎಂದು ನೋಡಲಿಲ್ಲ.

ಇನ್ನು ದೂರುಗಳು. ಫ್ಲಿಕರ್ ಗ್ರೂಪುಗಳ ದೊಡ್ಡ ರೋಗ ಪದಕ ಹಂಚುವುದು. ಒಂದು ಫೋಟೋ ಹಾಕಿದರೆ ಇನ್ನೆರಡಕ್ಕೆ ಕಾಮೆಂಟ್ ಮಾಡಲೇಬೇಕು ಎಂಬ ನಿಯಮದ ಗ್ರೂಪುಗಳಲ್ಲಿ ಜನ ಮಿನುಗುವ ಪದಕದ ಚಿತ್ರವನ್ನು ಕಾಪಿ ಮಾಡಿ ಅಂಟಿಸಿ ಹೋಗುತ್ತಾರೆ. ಮದುವೆ ಮುಯ್ಯಿಯ ಲೆಕ್ಕದ ಹಾಗೆ, ಕೊಟ್ಟದ್ದಕ್ಕೆ ಸಮ ವಾಪಸು. ಅಂಥ ಮೂವತ್ತು ಪದಕಗಳ ನಡುವೆ ನಿಜವಾದ ಒಂದು ಸಾಲು ಸಲಹೆ ಕಣ್ಣಿಗೇ ಬೀಳುವುದಿಲ್ಲ, ಬಿದ್ದರೆ ಅಪಶಕುನದಂತೆ ಕಾಣುತ್ತದೆ. ಆದರೂ ಕಾರಣವಿಲ್ಲದ ಅಂಕಕ್ಕಿಂತ ಇದು ವಾಸಿ. ಫೋಟೋ ಡಾಟ್ ನೆಟ್ ತಾಣದಲ್ಲಿ ಹಿಂದೆ ಸೌಂದರ್ಯಕ್ಕೆ ಒಂದು, ಸ್ವಂತಿಕೆಗೆ ಒಂದು ಎಂದು 1ರಿಂದ 7ರವರೆಗೆ ಅಂಕ ಕೊಡುವ ಪದ್ಧತಿ ಇತ್ತು. ಬರೀ 3 ಕೊಟ್ಟು ಮಾಯವಾದವರಿಂದ ಏನು ಕಲಿಯುವುದು?

ಮಾಲೀಕರ ಕೈಯಲ್ಲಿ ಬಾಗಿಲ ಕೀಲಿ ಇರುವುದು ಫ್ಲಿಕರ್‌ನ ಇನ್ನೊಂದು ಒಳ್ಳೆಯ ಗುಣ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಕಾಮೆಂಟ್ ಯಾರು ಮಾಡಬಹುದು, ನೋಟ್ ಮತ್ತು ಟ್ಯಾಗ್ ಯಾರು ಹಾಕಬಹುದು ಎಂದು ಬೇರೆ ಬೇರೆಯಾಗಿ ಆರಿಸಬಹುದು. ಬಿಡಿ ಫೋಟೋಗೂ ಬದಲಿಸಬಹುದು. ಬೇಡವಾದ ಕಾಮೆಂಟನ್ನು ಅಳಿಸಲೂಬಹುದು. ನೋಟ್‌ಗೆ ಅವಕಾಶವೇ ಇಲ್ಲದಿದ್ದರೆ ಅದೂ ಒಂದು ಉತ್ತರ ಎಂದುಕೊಂಡು ವಾಪಸಾಗಿ. ಅದೇ ಮಾತನ್ನು ಕಾಮೆಂಟಿನಲ್ಲಿ ತುರುಕುವುದು, ಮುಂಬಾಗಿಲು ಹಾಕಿದ್ದಾರೆಂದು ಹಿತ್ತಲಿಂದ ನುಗ್ಗಿದ ಹಾಗೆ. ಶೀರ್ಷಿಕೆ, ವಿವರಣೆ ಓದದೆ ಮಾತಾಡಬೇಡಿ. ‘ಅಜ್ಜಿಯ ಕೊನೆಯ ದೀಪಾವಳಿ’ ಎಂದಿದ್ದರೆ ವೈಟ್ ಬ್ಯಾಲೆನ್ಸ್ ಎಷ್ಟೇ ಹಳದಿಯಾಗಿರಲಿ, ತುಟಿ ಬಿಚ್ಚಬೇಡಿ. ಅಂದಹಾಗೆ, ಹಳದಿ ಎನ್ನುವ ಮೊದಲು ನಿಮ್ಮ ಮೊಬೈಲಿನ ನೈಟ್ ಲೈಟ್ ಆಫ್ ಆಗಿದೆಯೇ ನೋಡಿಕೊಳ್ಳಿ.

ಏನು ಹೇಳಬಹುದು ಎಂಬುದಕ್ಕೆ ಒಂದು ಜರಡಿ ಸಾಕು: ಅವರು ಈಗ ಸರಿಮಾಡಬಹುದಾದದ್ದೇ ಅಥವಾ ಮುಂದಿನ ಸಲ ಬದಲಿಸಬಹುದಾದದ್ದೇ? ಕೆರೆಯ ನೀರು ಒಂದೂವರೆ ಡಿಗ್ರಿ ವಾಲಿದ್ದರೆ ಹೇಳಿ, ತಿರುಗಿಸಿದರೆ ಆಯಿತು. ತಿರುಗಿಸಿದಾಗ ಅಂಚು ಕತ್ತರಿಸಿಹೋಗುತ್ತದೆ, ಕೊಕ್ಕು ಅಂಚಿಗೆ ತಾಗಿದ್ದರೆ ಅದೂ ಹೋಗುತ್ತದೆ ಎಂಬುದನ್ನು ನೋಡಿಕೊಂಡು ಹೇಳಿ. ಕೊಕ್ಕರೆಯ ಬಿಳಿ ರೆಕ್ಕೆ ಪೂರ್ತಿ ಸುಟ್ಟು ಗರಿಯ ಗೆರೆ ಕಾಣದಿದ್ದರೆ, ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ಇದ್ದವರಿಗೆ ಒಂದಿಷ್ಟು ವಾಪಸು ಬರಬಹುದು, ಜೆಪೆಗ್ ಮಾತ್ರ ಇದ್ದವರಿಗೆ ಬರುವುದಿಲ್ಲ. ಅವರಿಗೆ ಮುಂದಿನ ಸಲ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ ಎನ್ನಬಹುದು. ರಂಗನತಿಟ್ಟಿನ ದೋಣಿಯಿಂದ ಮರದ ತುದಿಯ ಹಕ್ಕಿ ತೆಗೆದವರಿಗೆ ‘ಕಣ್ಣಿನ ಮಟ್ಟದಿಂದ ತೆಗೆಯಬೇಕಿತ್ತು’ ಎಂದರೆ ಅವರೇನು ಮರ ಹತ್ತಬೇಕೇ?

ಹೇಳುವ ಬದಲು ಫೋಟೋ ಇಳಿಸಿಕೊಂಡು, ತಾನೇ ತಿದ್ದಿ, ‘ನೋಡಿ, ಹೀಗೆ ಇರಬೇಕಿತ್ತು’ ಎಂದು ಹಾಕುವವರೂ ಇದ್ದಾರೆ. ಫ್ಲಿಕರ್‌ನಲ್ಲಿ ಫೋಟೋದ ಕೆಳಗೆ ಲೈಸೆನ್ಸ್ ಬರೆದಿರುತ್ತದೆ. ‘ಆಲ್ ರೈಟ್ಸ್ ರಿಸರ್ವ್ಡ್’ ಎಂದಿದ್ದರೆ ಕೇಳದೆ ಮುಟ್ಟುವಂತಿಲ್ಲ. ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದ್ದರೂ ‘ನೋ ಡೆರಿವೇಟಿವ್ಸ್’ ಸೇರಿದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ. ಬಾಯಲ್ಲಿ ಹೇಳಿ ಸಾಕು: ಬಲಗಡೆಯ ಕಂಬದವರೆಗೆ ಕ್ರಾಪ್ ಮಾಡಿ ನೋಡಿ.

ಇನ್‌ಸ್ಟಾಗ್ರಾಂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಕ್ಸಿಫ್ ತೋರಿಸುವುದಿಲ್ಲ, ನೋಟ್ ಇಲ್ಲ, ಫೋಟೋವನ್ನು ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸುತ್ತದೆ. ಅಲ್ಲಿ ಶಾರ್ಪ್‌ನೆಸ್ ಅಳೆಯುವುದು ಬಸ್ಸಿನ ಕಿಟಕಿಯಿಂದ ಬಟ್ಟೆಯ ನೇಯ್ಗೆ ನೋಡಿದ ಹಾಗೆ. ಪರಿಚಯವಿದ್ದರೆ ಡಿಎಂ, ಇಲ್ಲದಿದ್ದರೆ ಲೈಕ್ ಒತ್ತಿ ಮುಂದೆ ಹೋಗಿ.

ವಾಟ್ಸ್‌ಆ್ಯಪ್ ಇನ್ನೂ ತೊಡಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನ ಫೋಟೋ ಹರಿದಾಡುವುದು ಅಲ್ಲೇ. ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಎಕ್ಸಿಫ್ ಕಳಚಿಹೋಗುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲೂ ಮೂಲ ಫೈಲ್ ಹೋಗುವುದಿಲ್ಲ. ನಿಜವಾಗಿ ಅಭಿಪ್ರಾಯ ಬೇಕಾದವರು ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು, ಆಗ ಮೂಲ ಫೈಲ್ ಹಾಗೇ ಬರುತ್ತದೆ. ಡಾಕ್ಯುಮೆಂಟ್ ಆಗಿ ಬಂದಿಲ್ಲವೆಂದರೆ ಪಿಕ್ಸೆಲ್ ಟೀಕೆ ಬೇಡ. ಹನ್ನೆರಡು ಫೋಟೋ ಒಟ್ಟಿಗೆ ಬಂದಾಗ ‘ಮೂರನೆಯದು ವಾಲಿದೆ’ ಎನ್ನಬೇಡಿ, ಆ ಫೋಟೋವನ್ನೇ ಹಿಡಿದು ರಿಪ್ಲೈ ಮಾಡಿ. ಫೋಟೋದ ಮೇಲೆ ಕೆಂಪು ಗೆರೆ ಗೀಚಿ ವಾಪಸು ಕಳಿಸುವ ಅನುಕೂಲ ಅಲ್ಲಿದೆ, ಫ್ಲಿಕರ್‌ನ ನೋಟ್‌ಗೆ ಅದೇ ಬದಲಿ. ಗ್ರೂಪಿನಲ್ಲಿ ಗೀಚಿದರೆ ಮಾತ್ರ ಉತ್ತರಪತ್ರಿಕೆ ತಿದ್ದಿ ಎಲ್ಲರೆದುರು ಹಿಡಿದಂತಾಗುತ್ತದೆ. ಮನೆಮಂದಿಯ ಗ್ರೂಪಿನಲ್ಲಿ ಅತ್ತೆ ಹಾಕಿದ ನಾಮಕರಣದ ಫೋಟೋಗೆ ತಾಂತ್ರಿಕ ವಿಮರ್ಶೆ ಎಂಬುದೇ ಇಲ್ಲ. ಮಗು ಮುದ್ದಾಗಿದೆ, ಅಷ್ಟೇ.

ಕೇಳದಿದ್ದರೂ ಹೇಳಲೇಬೇಕಾದ ಎರಡು ಸಂದರ್ಭಗಳಿವೆ. ಒಂದು, ಗೂಡಿನ ಫೋಟೋ. ಮರಿಗಳಿರುವ ಗೂಡಿಗೆ ಜನ ಮುತ್ತಿದರೆ ತಾಯಿ ಹಕ್ಕಿ ಗೂಡು ಬಿಡಬಹುದು, ಗೂಡು ಕಾಣಲೆಂದು ಎಲೆ ಸರಿಸಿದರೆ ಕಾಗೆಗೂ ಕಾಣುತ್ತದೆ. ಇನ್ನೊಂದು, ಜಾಗದ ಗುರುತು. ಮೊಬೈಲಿನ ಫೋಟೋದೊಳಗೆ ಜಿಪಿಎಸ್ ಕೂತಿದ್ದು, ಫ್ಲಿಕರ್‌ನ ನಕ್ಷೆಯಲ್ಲಿ ಗೂಬೆಯ ಮರವೋ ಅವರದೇ ಮನೆಯೋ ತೆರೆದು ಕೂತಿರಬಹುದು. ಎರಡಕ್ಕೂ ಕಾಮೆಂಟ್ ಜಾಗವಲ್ಲ. ‘ಇಲ್ಲಿ ನಿಮ್ಮ ಮನೆಯ ವಿಳಾಸ ಕಾಣುತ್ತಿದೆ’ ಎಂದು ಬಹಿರಂಗವಾಗಿ ಬರೆದರೆ ಕಾಣದಿದ್ದವರಿಗೂ ತೋರಿಸಿಕೊಟ್ಟಂತೆ. ಫ್ಲಿಕರ್‌ಮೇಲ್‌ನಲ್ಲಿ ಖಾಸಗಿಯಾಗಿ ಎರಡು ಸಾಲು ಬರೆಯಿರಿ: ಏನು ಕಾಣುತ್ತಿದೆ, ಲೊಕೇಶನ್ ಅನ್ನು ತೆಗೆದುಹಾಕಿ ಅಥವಾ ಯಾರಿಗೆ ಕಾಣಬೇಕೆಂದು ಬದಲಿಸಿ.

ಖರ್ಚಿನ ವಿಷಯ. ಉಚಿತ ಖಾತೆಗೆ ಒಟ್ಟು 1000 ಫೋಟೋ, ವಿಡಿಯೋ ಮಿತಿ. ಅದರಲ್ಲಿ ಸಾರ್ವಜನಿಕವಲ್ಲದವು 50 ಮಾತ್ರ. ನಾಲ್ಕೈದು ಗೆಳೆಯರು ಸೇರಿ ತಮ್ಮತಮ್ಮಲ್ಲೇ ಫೋಟೋ ತೋರಿಸಿ ಬಿಚ್ಚುಮಾತಾಡಲು ತಲಾ 50 ಸಾಕು, ಚರ್ಚೆ ಮುಗಿದದ್ದನ್ನು ತೆಗೆಯುತ್ತ ಹೋದರಾಯಿತು. ಕನ್ನಡದಲ್ಲಿ ಕಾಮೆಂಟ್, ನೋಟ್ ಸರಾಗವಾಗಿ ಬರೆಯಬಹುದು. ಮೆನುಗಳು ಮಾತ್ರ ಕನ್ನಡದಲ್ಲಿಲ್ಲ, ಆ ವಿಷಯದಲ್ಲಿ ವಾಟ್ಸ್‌ಆ್ಯಪ್ ಮುಂದಿದೆ. ಐದಕ್ಕೆ ನಾಲ್ಕು ಕೊಡಬಹುದು. ಕಳೆದ ಒಂದು ಅಂಕ ಆ ಮಿನುಗುವ ಪದಕಗಳ ಲೆಕ್ಕಕ್ಕೆ.