ಬಟ್ಟೆ ಅಂಗಡಿಗೆ ಜನ ವಾಪಸ್ ಬರ್ಬೇಕಂದ್ರೆ: ಡಿಸ್ಕೌಂಟಾ, ಸ್ಟಾಕಾ?

ಬ್ರಿಟನ್ನಿನ ಹೈ ಸ್ಟ್ರೀಟಲ್ಲಿ, ಅಂದ್ರೆ ಊರಿನ ಮುಖ್ಯ ಅಂಗಡಿ ಬೀದೀಲಿ, ಬಟ್ಟೆ ಅಂಗಡಿ ನೆಲಕಚ್ತಾ ಇದ್ರೆ ಮುಂದೆ ಎರಡು ದಾರಿ. ಡಿಸ್ಕೌಂಟ್ ಬೋರ್ಡ್ ಹಾಕಿದ್ರೆ ಆ ವಾರ ಗಲ್ಲಾಪೆಟ್ಟಿಗೆ ತುಂಬುತ್ತೆ ನಿಜ, ಆದ್ರೆ ಪದೇ ಪದೇ ಹಾಕ್ತಿದ್ರೆ ಪೂರ್ತಿ ಬೆಲೆ ಕೊಟ್ಟು ಯಾರೂ ತಗೊಳಲ್ಲ, ಮುಂದಿನ ಸೇಲ್ ಬರ್ಲಿ ಅಂತ ಕಾಯ್ತಾರೆ. ಸೇಲ್ ಮೇಲೆ ಸೇಲ್ ಮಾಡ್ತಿದ್ದ ಅಲ್ಲಿನ ದೊಡ್ಡ ಚೈನ್ ಸ್ಟೋರ್ ಡೆಬೆನ್‌ಹ್ಯಾಮ್ಸ್‌ನ ಅಂಗಡಿಗಳು 2021ರಲ್ಲಿ ಮುಚ್ಚೇ ಹೋದ್ವು, ಸಾಲದ ಹೊರೆನೂ ಇತ್ತು ಅನ್ನಿ.

ಇನ್ನೊಂದು, ಸ್ಟಾಕ್ ಸರಿಮಾಡೋದು. ಸ್ಪೇನಿನ ಬಟ್ಟೆ ಬ್ರ್ಯಾಂಡ್ ಜಾರಾ ತನ್ನ ಅಂಗಡಿಗಳಿಗೆ ವಾರಕ್ಕೆ ಎರಡು ಸಲ ಹೊಸ ಮಾಲು ಕಳಿಸುತ್ತೆ, ಕಮ್ಮಿ ಕಮ್ಮಿ ಪೀಸ್, ಹಾಗಾಗಿ ಜನ ಸುಮ್ನೆ ನೋಡ್ಕೊಂಡು ಬರೋಣ ಅಂತಾದ್ರೂ ಒಳಗೆ ಕಾಲಿಡ್ತಾರೆ. ದುಡ್ಡು, ಟೈಮ್ ಎರಡೂ ಜಾಸ್ತಿ ಬೇಕು, ಆದ್ರೂ ನನ್ನ ಓಟು ಇದಕ್ಕೇ. ಟ್ರಯಲ್ ರೂಮಲ್ಲಿ ಪ್ಯಾಂಟ್ ಸೊಂಟಕ್ಕೆ ಬಿಗಿಯಾಗಿ, ಒಂದು ಸೈಜ್ ದೊಡ್ಡದು ಕೇಳಿದ್ರೆ "ಖಾಲಿ ಆಗಿದೆ" ಅಂತಂದ್ರೆ ಗಿರಾಕಿ ಅಲ್ಲೇ ನಿಂತು ಫೋನಲ್ಲಿ ಬೇರೆ ಕಡೆ ಆರ್ಡರ್ ಮಾಡ್ತಾರೆ, ಅರ್ಧ ಬೆಲೆ ಅಂದ್ರೂ ನಿಲ್ಲಲ್ಲ.