ಆರ್ಕ್‌ಜಿಐಎಸ್ ಎಡಿಟರ್ ಟ್ರ್ಯಾಕಿಂಗ್: ಐದು ವರ್ಷ ಬಳಸಿ ಬರೆಯುತ್ತಿದ್ದೇನೆ

ಚಿತ್ರದುರ್ಗದಲ್ಲಿ ನಮ್ಮದು ಸಣ್ಣ ಸರ್ವೆ ಆಫೀಸು. ಕೊಳವೆಬಾವಿ, ಚೆಕ್ ಡ್ಯಾಂ, ಕೆರೆ ಎಲ್ಲ ಒಂದೇ ಡೇಟಾಬೇಸ್‌ನಲ್ಲಿವೆ, ಏಳು ಜನ ತಿದ್ದುತ್ತೇವೆ. ಮೊದಲೆಲ್ಲ "ಈ ಬೋರ್ ಬತ್ತಿದೆ ಅಂತ ಯಾರಪ್ಪಾ ಹಾಕಿದ್ದು?" ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆರ್ಕ್‌ಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಯಾರು, ಯಾವಾಗ ತಿದ್ದಿದರು ಅಂತ ಬರೆದಿಡೋ ಸೌಲಭ್ಯವೇ ಎಡಿಟರ್ ಟ್ರ್ಯಾಕಿಂಗ್. ಆನ್ ಮಾಡೋದು ಸುಲಭ. ಟೇಬಲ್‌ಗೆ ನಾಲ್ಕು ಫೀಲ್ಡ್ (ಅಂದರೆ ಕಾಲಂ) ಸೇರುತ್ತವೆ: ಸಾಲು ಸೇರಿಸಿದವರು, ಸೇರಿಸಿದ ಹೊತ್ತು, ಕೊನೆಗೆ ತಿದ್ದಿದವರು, ತಿದ್ದಿದ ಹೊತ್ತು. ತನ್ನ ಪಾಡಿಗೆ ತಾನೇ ತುಂಬಿಕೊಳ್ಳುತ್ತೆ. 2012ರ 10.1 ಆವೃತ್ತಿಯಿಂದಲೇ ಇದೆ, ನಮಗೆ ಗೊತ್ತಾಗಿದ್ದು ಮಾತ್ರ ತಡವಾಗಿ.

ಟೈಮ್ ಬಗ್ಗೆ ಹುಷಾರು. ನಾವು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಇಟ್ಟಿದ್ದೆವು, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಅನ್ನೋದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳಲ್ಕೆರೆಯ ಹುಡುಗನ ಸಾಲುಗಳಲ್ಲಿ 4:30 ಅಂತ ನೋಡಿ, "ಏನಪ್ಪಾ, ಕೋಳಿ ಕೂಗೋ ಮುಂಚೆನೇ ಕೆಲಸ ಶುರು ಮಾಡ್ತೀಯಾ?" ಅಂದೆ. "ಇಲ್ಲ ಸರ್, ತಿಂಡಿ ತಿಂದು ಹತ್ತು ಗಂಟೆಗೆ ಮಾಡಿದ್ದು" ಅಂದ.

ನಮ್ಮದೇ ಇನ್ನೊಂದು ತಪ್ಪು: ಮೊದಲ ಆರು ತಿಂಗಳು ಮೂವರಿಗೆ ಒಂದೇ ಲಾಗಿನ್. ಮೂವರ ಕೆಲಸವೂ ಒಂದೇ ಹೆಸರಲ್ಲಿ. ಸುಮ್ನೆ ಆರು ತಿಂಗಳು ದಂಡ!

ಹೋಬಳಿ ಹೆಸರಿನ ಸ್ಪೆಲ್ಲಿಂಗ್ ಸರಿ ಮಾಡೋಣ ಅಂತ ಒಂದು ಸಂಜೆ, ಇಡೀ ಕಾಲಂ ಒಂದೇ ಸಲಕ್ಕೆ ಬದಲಿಸೋ ಫೀಲ್ಡ್ ಕ್ಯಾಲ್ಕುಲೇಟರ್ ಓಡಿಸಿದೆ, ಇಡೀ ಟೇಬಲ್‌ನಲ್ಲಿ ಕೊನೆಗೆ ತಿದ್ದಿದವರು ಅನ್ನೋ ಜಾಗದಲ್ಲೆಲ್ಲ ನನ್ನ ಹೆಸರೇ ಬಂದು ಕೂತಿತು, ಹುಡುಗರ ಹೆಸರೆಲ್ಲ ಹೋಯಿತು. ಸೇರಿಸಿದವರ ಫೀಲ್ಡ್ ಹಾಗೇ ಉಳಿಯಿತು, ಪುಣ್ಯ. ಈಗ ಇಂಥ ಕೆಲಸಕ್ಕೆ ಮೊದಲು ಟ್ರ್ಯಾಕಿಂಗ್ ಆಫ್ ಮಾಡಿ, ಮುಗಿದ ಮೇಲೆ ಮತ್ತೆ ಆನ್ ಮಾಡುತ್ತೇನೆ.

ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಕೊನೆಗೆ ಮುಟ್ಟಿದ್ದು ಯಾರು ಅಂತಷ್ಟೇ ಹೇಳುತ್ತೆ, ಮೊದಲು ಅಲ್ಲಿ ಏನಿತ್ತು ಅಂತ ಹೇಳಲ್ಲ. ಸಾಲು ಅಳಿಸಿದರೆ ಹೆಸರೂ ಅದರ ಜೊತೆಗೇ ಹೋಗುತ್ತೆ. ಹಳೆಯದೂ ಬೇಕು ಅಂದರೆ ಆರ್ಕೈವಿಂಗ್ ಬೇರೆಯಾಗಿ ಆನ್ ಮಾಡಬೇಕು, ಅದು ಗೊತ್ತಾಗೋ ಹೊತ್ತಿಗೆ ನಮ್ಮ ಎರಡು ಚೆಕ್ ಡ್ಯಾಂ ಮಾಯವಾಗಿದ್ದವು. ನಕ್ಷೆಯಲ್ಲಿ ಮಾತ್ರ, ಊರಲ್ಲಿ ಅಲ್ಲ!

ಐದಕ್ಕೆ ನಾಲ್ಕು ಕೊಡುತ್ತೇನೆ. ಮೊನ್ನೆ ಹೊಸ ಹುಡುಗ ಮೊಳಕಾಲ್ಮೂರಿಗೆ ಹೊರಟ. ಬಸ್ ಹತ್ತೋ ಮುಂಚೆ ಅವನದೇ ಲಾಗಿನ್ ಮಾಡಿ ಕೈಗೆ ಕೊಟ್ಟೆ.